ಸೇಫ್ಟಿ ಕಂಟ್ರೋಲರ್‌ನ ಪಲ್ಸ್ ಪರೀಕ್ಷೆ: ದೋಷ ಪತ್ತೆಯಿಂದ ಮರುಚಾಲನೆಯವರೆಗೆ

ಯಂತ್ರದ ಎಮರ್ಜೆನ್ಸಿ ಸ್ಟಾಪ್ ಗುಂಡಿಯನ್ನು ಒತ್ತುವ ಪ್ರಸಂಗ ತಿಂಗಳುಗಟ್ಟಲೆ ಬಾರದೆ ಹೋಗಬಹುದು. ಅಷ್ಟೂ ಕಾಲ ಅದರ ಸರ್ಕ್ಯೂಟಿನಲ್ಲಿ 24 ವೋಲ್ಟ್ ಡಿಸಿ ಇದ್ದೇ ಇರುತ್ತದೆ. ಆ ವೋಲ್ಟೇಜ್ ಬರುತ್ತಿರುವವರೆಗೆ ಗುಂಡಿ ಒತ್ತಿಲ್ಲ, ಯಂತ್ರ ಓಡಬಹುದು ಎಂದು ಕಂಟ್ರೋಲರ್ ತಿಳಿಯುತ್ತದೆ. ಈ ನಡುವೆ ಲೋಹದ ಚೂರೊಂದು ತಗುಲಿ ಕೇಬಲ್ಲಿನ ಕವಚ ಹರಿದು, ಕಂಟ್ರೋಲರ್‌ಗೆ ಮರಳುವ ತಂತಿ ಪಕ್ಕದ ಸೆನ್ಸರಿನ 24 ವೋಲ್ಟ್ ತಂತಿಗೆ ತಾಗಿಕೊಂಡಿತು ಎನ್ನೋಣ. ಯಂತ್ರ ಎಂದಿನಂತೆ ಓಡುತ್ತದೆ, ಎಚ್ಚರಿಕೆಯ ದೀಪ ಹತ್ತುವುದಿಲ್ಲ. ಆದರೆ ಯಾರಾದರೂ ಗುಂಡಿ ಒತ್ತಿದಾಗ ಕಾಂಟ್ಯಾಕ್ಟ್ ತೆರೆದುಕೊಂಡರೂ ಆ ತಂತಿಯಲ್ಲಿ ಕಂಟ್ರೋಲರ್‌ಗೆ 24 ವೋಲ್ಟ್ ಬರುತ್ತಲೇ ಇರುತ್ತದೆ. ಇಂಥ ಮೌನ ದೋಷವನ್ನು ಗುಂಡಿ ಒತ್ತುವ ಹೊತ್ತಿಗೆ ಮೊದಲೇ ಹಿಡಿಯುವ ಉಪಾಯವೇ ಪಲ್ಸ್ ಪರೀಕ್ಷೆ.

ಸುರಕ್ಷತಾ ಸರ್ಕ್ಯೂಟಿನಲ್ಲಿ ತಂತಿ ತುಂಡಾದರೆ ಅಪಾಯವಿಲ್ಲ. ವೋಲ್ಟೇಜ್ ಹೋಗುತ್ತದೆ, ಯಂತ್ರ ನಿಲ್ಲುತ್ತದೆ. ತಂತಿ 0 ವೋಲ್ಟ್‌ಗೆ ತಾಗಿದರೂ ಹಾಗೆಯೇ. ಉತ್ಪಾದನೆಗೆ ನಷ್ಟವಾದೀತು, ಕೈಬೆರಳಿಗಲ್ಲ. ಕಾಡುವ ದೋಷಗಳು ಎರಡು: ತಂತಿ 24 ವೋಲ್ಟ್‌ಗೆ ಶಾರ್ಟ್ ಆಗುವುದು, ಮತ್ತು ಎರಡು ಚಾನೆಲ್‌ಗಳ ತಂತಿಗಳು ಒಂದಕ್ಕೊಂದು ಶಾರ್ಟ್ ಆಗುವುದು. ಎರಡನೆಯದಕ್ಕೆ ಕ್ರಾಸ್ ಫಾಲ್ಟ್ ಎನ್ನುತ್ತಾರೆ. ಒಂದು ಚಾನೆಲ್ ಕೈಕೊಟ್ಟರೂ ಇನ್ನೊಂದು ಯಂತ್ರವನ್ನು ನಿಲ್ಲಿಸಲಿ ಎಂದೇ ಎರಡು ಚಾನೆಲ್ ಇಟ್ಟಿರುವುದು. ಅವೆರಡೂ ಕೂಡಿಕೊಂಡರೆ ಹೊರಗೆ ಎರಡು ಕಂಡರೂ ಒಳಗೆ ಒಂದೇ.

ಪಲ್ಸ್ ಸಾಗುವ ದಾರಿ

ಪಲ್ಸ್ ಪರೀಕ್ಷೆಯ ವ್ಯವಸ್ಥೆಯಲ್ಲಿ ಗುಂಡಿಯ ಕಾಂಟ್ಯಾಕ್ಟ್‌ಗಳಿಗೆ 24 ವೋಲ್ಟ್ ಪವರ್ ಸಪ್ಲೈನಿಂದ ನೇರವಾಗಿ ಬರುವುದಿಲ್ಲ. ಕಂಟ್ರೋಲರ್‌ನದೇ ಟೆಸ್ಟ್ ಔಟ್‌ಪುಟ್‌ಗಳಿಂದ ಬರುತ್ತದೆ. ಮೊದಲ ಟೆಸ್ಟ್ ಔಟ್‌ಪುಟ್ಟಿನಿಂದ ಹೊರಟ ತಂತಿ ಗುಂಡಿಯ ಒಂದು ಎನ್‌ಸಿ (ಒತ್ತದಿರುವಾಗ ಮುಚ್ಚಿರುವ) ಕಾಂಟ್ಯಾಕ್ಟ್ ಹಾದು ಮೊದಲ ಇನ್‌ಪುಟ್ಟಿಗೆ ಮರಳುತ್ತದೆ. ಎರಡನೆಯ ಟೆಸ್ಟ್ ಔಟ್‌ಪುಟ್ಟಿನ ತಂತಿ ಇನ್ನೊಂದು ಎನ್‌ಸಿ ಕಾಂಟ್ಯಾಕ್ಟ್ ಹಾದು ಎರಡನೆಯ ಇನ್‌ಪುಟ್ಟಿಗೆ ಬರುತ್ತದೆ. ಕಂಟ್ರೋಲರ್ ಈ ಔಟ್‌ಪುಟ್‌ಗಳನ್ನು ಕೆಲವು ನೂರು ಮಿಲಿಸೆಕೆಂಡಿಗೊಮ್ಮೆ ಒಂದು ಮಿಲಿಸೆಕೆಂಡಿನ ಆಸುಪಾಸಿನಷ್ಟು ಕ್ಷಣ 0 ವೋಲ್ಟ್‌ಗೆ ಇಳಿಸಿ ಮತ್ತೆ ಏರಿಸುತ್ತದೆ. ಅವಧಿ, ಅಂತರಗಳು ತಯಾರಕರಿಂದ ತಯಾರಕರಿಗೆ ಬೇರೆ. ಎರಡೂ ಔಟ್‌ಪುಟ್‌ಗಳನ್ನು ಒಂದೇ ಕ್ಷಣದಲ್ಲಿ ಇಳಿಸುವುದಿಲ್ಲ ಎಂಬುದು ಮುಖ್ಯ.

ಹಗ್ಗ ಗಟ್ಟಿಯಿದೆಯೇ ಎಂದು ಆಗಾಗ ಜಗ್ಗಿ ನೋಡುವ ಹಾಗೆ ಇದು. ತಾನು ಇಳಿಸಿದ ಕ್ಷಣದಲ್ಲೇ ತನ್ನ ಇನ್‌ಪುಟ್ಟಿನಲ್ಲೂ ಇಳಿತ ಕಂಡರೆ ತಂತಿ ಸರಿಯಿದೆ. ಇಳಿತ ಕಾಣದಿದ್ದರೆ ಆ ತಂತಿಗೆ ಬೇರೆಲ್ಲಿಂದಲೋ 24 ವೋಲ್ಟ್ ಬರುತ್ತಿದೆ ಎಂದರ್ಥ. ಮೊದಲ ಔಟ್‌ಪುಟ್ಟನ್ನು ಇಳಿಸಿದಾಗ ಎರಡನೆಯ ಇನ್‌ಪುಟ್ಟಿನಲ್ಲಿ ಏರುಪೇರು ಕಂಡರೆ, ಅಥವಾ ಇಳಿಯಬೇಕಾದ ಇನ್‌ಪುಟ್ ಇನ್ನೊಂದು ಚಾನೆಲ್ಲಿನ ಬಲದಿಂದ ಮೇಲೆಯೇ ನಿಂತರೆ, ಅದು ಕ್ರಾಸ್ ಫಾಲ್ಟ್. ಎರಡೂ ಚಾನೆಲ್‌ಗಳ ಪಲ್ಸ್‌ಗೆ ಬೇರೆ ಬೇರೆ ಹೊತ್ತು ಇರುವುದರಿಂದಲೇ ಈ ಗುರುತು ಸಿಗುತ್ತದೆ.

ವೈರಿಂಗ್ ಮಾಡುವವರು ಎಡವುವುದೂ ಇಲ್ಲಿಯೇ. ಟರ್ಮಿನಲ್ ಉಳಿಸಲು ಎರಡೂ ಚಾನೆಲ್‌ಗಳನ್ನು ಒಂದೇ ಟೆಸ್ಟ್ ಔಟ್‌ಪುಟ್ಟಿಗೆ ಕೊಟ್ಟರೆ ಯಂತ್ರ ಸುಸೂತ್ರವಾಗಿ ಓಡುತ್ತದೆ, 24 ವೋಲ್ಟ್‌ನ ಶಾರ್ಟ್ ಕೂಡ ಪತ್ತೆಯಾಗುತ್ತದೆ. ಆದರೆ ಎರಡು ತಂತಿಗಳು ತಮ್ಮತಮ್ಮಲ್ಲಿ ಕೂಡಿಕೊಂಡರೆ ಎರಡರಲ್ಲೂ ಒಂದೇ ಪಲ್ಸ್ ಇರುವುದರಿಂದ ಕಂಟ್ರೋಲರ್‌ಗೆ ಏನೂ ತಿಳಿಯದು. ಡ್ರಾಯಿಂಗ್ ಪರಿಶೀಲಿಸುವಾಗ ಮೊದಲು ನೋಡಬೇಕಾದ ಅಂಶ ಇದು.

ಪಲ್ಸ್ ಸೌಲಭ್ಯವಿಲ್ಲದ ಕಡೆ ಕೇಬಲ್ ಎಳೆಯುವ ರೀತಿಯಿಂದಲೇ ಕೆಲವು ದೋಷಗಳನ್ನು ಲೆಕ್ಕದಿಂದ ಬಿಡಲು ಐಎಸ್‌ಒ 13849-2 ಅವಕಾಶ ಕೊಡುತ್ತದೆ. ಎರಡು ಚಾನೆಲ್‌ಗಳು ಬೇರೆ ಬೇರೆ ಕೇಬಲ್ಲಿನಲ್ಲಿದ್ದರೆ, ಸ್ಥಿರವಾಗಿ ಅಳವಡಿಸಿದ ತಂತಿಗೆ ಡಕ್ಟ್ ಅಥವಾ ಆರ್ಮರ್‌ನ ರಕ್ಷಣೆಯಿದ್ದರೆ, ಅಥವಾ ಒಂದೊಂದು ತಂತಿಗೂ ಅರ್ತ್ ಮಾಡಿದ ಶೀಲ್ಡ್ ಇದ್ದರೆ ಅವುಗಳ ನಡುವಿನ ಶಾರ್ಟ್ ಸಂಭವಿಸದು ಎಂದು ಪರಿಗಣಿಸಬಹುದು. ಡ್ರ್ಯಾಗ್ ಚೈನಿನಲ್ಲಿ ದಿನವಿಡೀ ಬಾಗುತ್ತ, ಕೂಲೆಂಟ್ ಎಣ್ಣೆಯಲ್ಲಿ ನೆನೆಯುವ ಬಹುತಂತಿ ಕೇಬಲ್ಲಿಗೆ ಈ ರಿಯಾಯಿತಿ ಸಲ್ಲದು.

ಪಲ್ಸ್‌ಗೆ ಕಾಣದ್ದು

ಪಲ್ಸ್ ಪರೀಕ್ಷೆ ತಂತಿಯನ್ನು ಪರೀಕ್ಷಿಸುತ್ತದೆ, ಕಾಂಟ್ಯಾಕ್ಟನ್ನಲ್ಲ. ಈ ಗೆರೆ ಮನಸ್ಸಿನಲ್ಲಿ ಸ್ಪಷ್ಟವಾಗಿರದೆ ಹೋದರೆ ಸೇಫ್ಟಿ ಕಂಟ್ರೋಲರ್ ಇದೆ ಎಂಬ ಧೈರ್ಯವೇ ಅಪಾಯವಾಗುತ್ತದೆ.

ಗುಂಡಿಯ ಕಾಂಟ್ಯಾಕ್ಟ್ ಒಳಗೇ ಅಂಟಿಕೊಂಡಿದೆ ಎನ್ನೋಣ. ಅಥವಾ ಯಾರೋ ಅವಸರದಲ್ಲಿ ಕಾಂಟ್ಯಾಕ್ಟ್‌ನ ಎರಡು ತುದಿಗಳಿಗೂ ಒಂದು ಜಂಪರ್ ಹಾಕಿದ್ದಾರೆ. ಟೆಸ್ಟ್ ಔಟ್‌ಪುಟ್ಟಿನಿಂದ ಹೊರಟ ಪಲ್ಸ್ ಆ ಜಂಪರ್ ಹಾದು ಅದೇ ಚಾನೆಲ್ಲಿನ ಇನ್‌ಪುಟ್ಟಿಗೆ, ಸರಿಯಾದ ಹೊತ್ತಿಗೆ, ಸರಿಯಾದ ಆಕಾರದಲ್ಲಿ ಬಂದು ಸೇರುತ್ತದೆ. ಕಂಟ್ರೋಲರ್‌ನ ದೃಷ್ಟಿಯಲ್ಲಿ ಎಲ್ಲವೂ ನಿರ್ದೋಷ. 24 ವೋಲ್ಟ್ ಟರ್ಮಿನಲ್ಲಿನಿಂದ ಜಂಪರ್ ಎಳೆದಿದ್ದರೆ ಕ್ಷಣಾರ್ಧದಲ್ಲಿ ಸಿಕ್ಕಿಬೀಳುತ್ತಿತ್ತು, ಇದು ಸಿಗುವುದಿಲ್ಲ.

ಇಂಥದ್ದನ್ನು ಹಿಡಿಯುವುದು ಎರಡು ಚಾನೆಲ್‌ಗಳ ಹೋಲಿಕೆ. ಗುಂಡಿ ಒತ್ತಿದಾಗ ಎರಡೂ ಇನ್‌ಪುಟ್‌ಗಳು ಒಂದು ಗೊತ್ತಾದ ಅವಧಿಯೊಳಗೆ ಸೊನ್ನೆಯಾಗಬೇಕು. ಒಂದು ಇಳಿದು ಇನ್ನೊಂದು ನಿಂತರೆ ಅದು ಡಿಸ್ಕ್ರೆಪೆನ್ಸಿ ದೋಷ. ಆದರೆ ಈ ಹೋಲಿಕೆ ನಡೆಯುವುದು ಗುಂಡಿ ಒತ್ತಿದಾಗ, ಬಾಗಿಲು ತೆಗೆದಾಗ ಮಾತ್ರ. ಐಎಸ್‌ಒ 13849-1ರ ಅನುಬಂಧ ಇದನ್ನು ಅಂಕಿಗಳಲ್ಲೇ ಹೇಳುತ್ತದೆ. ಪಲ್ಸ್‌ನಂಥ ಚಲನಶೀಲ ಪರೀಕ್ಷೆಯಿಲ್ಲದೆ ಬರೀ ಎರಡು ಇನ್‌ಪುಟ್‌ಗಳ ಹೋಲಿಕೆಯಷ್ಟೇ ಇದ್ದರೆ ದೋಷ ಪತ್ತೆಯ ಪ್ರಮಾಣ ಶೇ 0ರಿಂದ ಶೇ 99ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಅದು ಸಿಗ್ನಲ್ ಎಷ್ಟು ಸಲ ಬದಲಾಗುತ್ತದೆ ಎಂಬುದನ್ನು ಅವಲಂಬಿಸಿದೆ. ಗಂಟೆಗೆ ಹತ್ತಾರು ಸಲ ತೆರೆಯುವ ಬಾಗಿಲಿಗೂ ವರ್ಷಕ್ಕೊಮ್ಮೆ ಒತ್ತುವ ಗುಂಡಿಗೂ ಇರುವ ಅಂತರ ಅದು. ಎರಡೂ ಚಾನೆಲ್ಲಿಗೆ ಜಂಪರ್ ಹಾಕಿದ್ದರಂತೂ ಯಾವ ಕಂಟ್ರೋಲರ್ ಕೂಡ ಹೇಳಲಾರದು. ಮನುಷ್ಯನೇ ಹೋಗಿ ಗುಂಡಿ ಒತ್ತಿ ನೋಡಬೇಕು.

ಲೈಟ್ ಕರ್ಟನ್ ಇದ್ದಾಗ

ಲೈಟ್ ಕರ್ಟನ್, ಲೇಸರ್ ಸ್ಕ್ಯಾನರ್, ಹಲವು ಆರ್‌ಎಫ್‌ಐಡಿ ಬಾಗಿಲು ಸ್ವಿಚ್‌ಗಳ ಲೆಕ್ಕ ಬೇರೆ. ಅವುಗಳಲ್ಲಿರುವುದು ಒಣ ಕಾಂಟ್ಯಾಕ್ಟ್ ಅಲ್ಲ, ಒಎಸ್‌ಎಸ್‌ಡಿ ಎಂಬ ಜೋಡಿ ಟ್ರಾನ್ಸಿಸ್ಟರ್ ಔಟ್‌ಪುಟ್. ತಮ್ಮ ಔಟ್‌ಪುಟ್‌ಗಳನ್ನು ಅವು ತಾವೇ ಕೆಲವು ನೂರು ಮೈಕ್ರೊಸೆಕೆಂಡಿನ ಪಲ್ಸ್‌ಗಳಿಂದ ಪರೀಕ್ಷಿಸಿಕೊಳ್ಳುತ್ತವೆ. ಕ್ರಾಸ್ ಫಾಲ್ಟ್ ಕಂಡರೆ ತಾವೇ ಆಫ್ ಆಗುತ್ತವೆ. ಆದ್ದರಿಂದ ಇವನ್ನು ಜೋಡಿಸಿದ ಇನ್‌ಪುಟ್ಟಿನಲ್ಲಿ ಕಂಟ್ರೋಲರ್‌ನ ಪಲ್ಸ್ ಪರೀಕ್ಷೆಯನ್ನು ಬಳಸಬಾರದು. ಬಳಸಿದರೆ ಕಂಟ್ರೋಲರ್ ತನ್ನ ಪಲ್ಸ್ ಕಾಣುತ್ತಿಲ್ಲ ಎಂದು ದೋಷ ತೋರಿಸುತ್ತದೆ. ಸೆನ್ಸರಿನ ಪಲ್ಸ್ ಕಂಡು ಬೆಚ್ಚದಿರಲು ಇನ್‌ಪುಟ್ ಫಿಲ್ಟರ್ ಆ ಪಲ್ಸ್‌ಗಿಂತ ತುಸು ದೊಡ್ಡದಿರಬೇಕು. ಎರಡೂ ಉಪಕರಣಗಳ 0 ವೋಲ್ಟ್ ಒಂದೇ ಆಗಿರಬೇಕು. ಬೇರೆ ಬೇರೆ ಪವರ್ ಸಪ್ಲೈ ಇಟ್ಟು 0 ವೋಲ್ಟ್ ಜೋಡಿಸದೆ ಬಿಟ್ಟರೆ ತಲೆಬುಡ ತಿಳಿಯದ ದೋಷಗಳು ಶುರುವಾಗುತ್ತವೆ.

ಫಿಲ್ಟರ್ ಹೆಚ್ಚಿಸಿದರೆ ಕಿರಿಕಿರಿ ತಪ್ಪುತ್ತದೆ ಎಂದು ಅದನ್ನು ಮನಬಂದಂತೆ ಏರಿಸುವ ರೂಢಿ ಒಳ್ಳೆಯದಲ್ಲ. ಫಿಲ್ಟರ್ ಕಾಲ ಇಡಿಯಾಗಿ ಯಂತ್ರ ನಿಲ್ಲುವ ಕಾಲಕ್ಕೆ ಸೇರುತ್ತದೆ. ಲೈಟ್ ಕರ್ಟನ್ನನ್ನು ಅಪಾಯದ ಜಾಗದಿಂದ ಎಷ್ಟು ದೂರ ಇಡಬೇಕು ಎಂಬ ಲೆಕ್ಕಕ್ಕೆ ಐಎಸ್‌ಒ 13855, ಹತ್ತಿರದ ಅಂತರಗಳಲ್ಲಿ, ಕೈಯ ವೇಗವನ್ನು ಸೆಕೆಂಡಿಗೆ 2000 ಮಿಲಿಮೀಟರ್ ಎಂದು ಹಿಡಿಯುತ್ತದೆ. ಫಿಲ್ಟರ್ 10 ಮಿಲಿಸೆಕೆಂಡ್ ಹೆಚ್ಚಿಸಿದರೆ ಕರ್ಟನ್ 20 ಮಿಲಿಮೀಟರ್ ಹಿಂದೆ ಸರಿಯಬೇಕು. ಲ್ಯಾಪ್‌ಟಾಪಿನಲ್ಲಿ ಒಂದು ಅಂಕಿ ಬದಲಿಸಿದವರು ಪ್ರೆಸ್ಸಿನ ಬಳಿ ಹೋಗಿ ಬ್ರಾಕೆಟ್ ಸರಿಸುವುದು ಅಪರೂಪ. ಸರಿಸದೆ ಬಿಟ್ಟ ಆ 20 ಮಿಲಿಮೀಟರ್ ಬೆರಳಿನ ಲೆಕ್ಕಕ್ಕೆ ಬರುತ್ತದೆ.

ಔಟ್‌ಪುಟ್ ಕಡೆಯ ಪರೀಕ್ಷೆ

ಸೇಫ್ಟಿ ಔಟ್‌ಪುಟ್ಟಿನ ಟ್ರಾನ್ಸಿಸ್ಟರ್ ಕೆಟ್ಟಾಗ ಹಲವು ಸಲ ಶಾರ್ಟ್ ಆಗಿಯೇ ಕೆಡುತ್ತದೆ. ಅಂದರೆ ಆಫ್ ಮಾಡು ಎಂದರೂ ಆಫ್ ಆಗದು. ಅದಕ್ಕಾಗಿ ಔಟ್‌ಪುಟ್ ಆನ್ ಇರುವಾಗಲೇ ಕಂಟ್ರೋಲರ್ ಅದನ್ನು ಒಂದು ಕ್ಷಣ ಆಫ್ ಮಾಡಿ, ವೋಲ್ಟೇಜ್ ನಿಜಕ್ಕೂ ಇಳಿಯಿತೇ ಎಂದು ಮರಳಿ ಓದುತ್ತದೆ. ಇದು ಡಾರ್ಕ್ ಟೆಸ್ಟ್. ಕೆಲವು ಮಾಡ್ಯೂಲ್‌ಗಳು ಔಟ್‌ಪುಟ್ ಆಫ್ ಇರುವಾಗ ಕಿರು ಅವಧಿಗೆ ಆನ್ ಮಾಡಿ ನೋಡುವ ಲೈಟ್ ಟೆಸ್ಟನ್ನೂ ನಡೆಸುತ್ತವೆ. ಒಂದು ಸ್ವಿಚ್ ಕೆಟ್ಟರೆ ಆಫ್ ಮಾಡಲು ಸರಣಿಯಲ್ಲಿ ಇನ್ನೊಂದು ಸ್ವಿಚ್ ಇರುತ್ತದೆ. ಹಲವು ಔಟ್‌ಪುಟ್‌ಗಳಿಗೆ ಆ ಎರಡನೆಯ ಸ್ವಿಚ್ ಒಂದೇ ಆಗಿದ್ದರೆ, ಒಂದು ಔಟ್‌ಪುಟ್ಟಿನ ದೋಷಕ್ಕೆ ಇಡೀ ಗುಂಪು ಆಫ್ ಆಗುವುದುಂಟು.

ದೊಡ್ಡ ಕಾಂಟ್ಯಾಕ್ಟರ್‌ನ ಕಾಯಿಲ್ ಒಂದು ಮಿಲಿಸೆಕೆಂಡಿನ ಇಳಿತವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ತೊಂದರೆ ಬರುವುದು ಬೇಗ ಪ್ರತಿಕ್ರಿಯಿಸುವ ಲೋಡ್‌ಗಳಲ್ಲಿ: ಎಲ್‌ಇಡಿ ದೀಪ ಮಿನುಗುತ್ತದೆ, ಚಿಕ್ಕ ರಿಲೇ ಗುಂಯ್‌ಗುಡುತ್ತದೆ, ಡ್ರೈವ್‌ನ ಎಸ್‌ಟಿಒ (ಸೇಫ್ ಟಾರ್ಕ್ ಆಫ್) ಇನ್‌ಪುಟ್ ಪಲ್ಸನ್ನೇ ಸ್ಟಾಪ್ ಎಂದು ಭಾವಿಸಿ ಮೋಟಾರಿನ ಟಾರ್ಕ್ ಕಡಿಯುತ್ತದೆ. ಎಷ್ಟು ಉದ್ದದ ಪಲ್ಸನ್ನು ಸಹಿಸಬಲ್ಲದು ಎಂಬ ಅಂಕಿ ಡ್ರೈವ್‌ನ ಕೈಪಿಡಿಯಲ್ಲಿ ಇರುತ್ತದೆ. ಕಂಟ್ರೋಲರ್‌ನ ಪಲ್ಸ್ ಅದಕ್ಕಿಂತ ಚಿಕ್ಕದೇ ಎಂದು ಖರೀದಿಗೆ ಮೊದಲೇ ನೋಡಿಕೊಳ್ಳುವುದು ಲೇಸು.

ಇದಕ್ಕೆ ವಿರುದ್ಧವಾದ ತೊಂದರೆಯೂ ಇದೆ. ಕೇಬಲ್ ಉದ್ದವಾದಂತೆ ಅದರ ಕೆಪಾಸಿಟೆನ್ಸ್ ಹೆಚ್ಚುತ್ತದೆ, ಲೋಡಿನೊಳಗಿನ ನಾಯ್ಸ್ ಫಿಲ್ಟರ್ ಕೆಪಾಸಿಟರ್ ಅದಕ್ಕೆ ಸೇರುತ್ತದೆ. ಔಟ್‌ಪುಟ್ ಆಫ್ ಆದರೂ ತುಂಬಿಕೊಂಡ ಚಾರ್ಜ್ ಕೂಡಲೇ ಖಾಲಿಯಾಗುವುದಿಲ್ಲ. ಒಟ್ಟು 0.1 ಮೈಕ್ರೊಫ್ಯಾರಡ್ ಕೆಪಾಸಿಟೆನ್ಸ್, 10 ಕಿಲೊಓಮ್ ಲೋಡ್ ಇದ್ದರೆ ಟೈಮ್ ಕಾನ್‌ಸ್ಟೆಂಟ್ 1 ಮಿಲಿಸೆಕೆಂಡ್ ಆಗುತ್ತದೆ. 24 ವೋಲ್ಟ್‌ನಿಂದ 5 ವೋಲ್ಟ್‌ಗೆ ಇಳಿಯಲು ಸುಮಾರು 1.57 ಮಿಲಿಸೆಕೆಂಡ್ ಬೇಕು. ಪಲ್ಸ್ 1 ಮಿಲಿಸೆಕೆಂಡಿನದಾದರೆ ಅಷ್ಟರೊಳಗೆ ವೋಲ್ಟೇಜ್ 9 ವೋಲ್ಟ್‌ನ ಹತ್ತಿರಕ್ಕಷ್ಟೇ ಇಳಿದಿರುತ್ತದೆ. ಔಟ್‌ಪುಟ್ ಶಾರ್ಟ್ ಆಗಿದೆ ಎಂದು ಕಂಟ್ರೋಲರ್ ತೀರ್ಮಾನಿಸುತ್ತದೆ. ನಿಜದಲ್ಲಿ ಅದೇನೂ ಕೆಟ್ಟಿರುವುದಿಲ್ಲ. ಮಾಡ್ಯೂಲ್ ಬದಲಿಸಿದರೂ ಅದೇ ದೋಷ ಮರುಕಳಿಸಿದರೆ ಇಲ್ಲಿಗೆ ಬಂದು ನೋಡಬೇಕು. ಮರಳಿ ಓದುವ ಕಾಲವನ್ನು ತಯಾರಕರು ಅನುಮತಿಸಿದ ಮಿತಿಯೊಳಗೆ ಹೆಚ್ಚಿಸುವುದು, ಕೇಬಲ್ ಮೊಟಕುಗೊಳಿಸುವುದು, ಅಥವಾ ಕೈಪಿಡಿ ಹೇಳಿದ ಮೌಲ್ಯದ ರೆಸಿಸ್ಟರನ್ನು ಲೋಡಿಗೆ ಸಮಾಂತರವಾಗಿ ಹಾಕುವುದು ಇದಕ್ಕೆ ಪರಿಹಾರ.

ಪಲ್ಸ್ ಪರೀಕ್ಷೆ ಔಟ್‌ಪುಟ್ ಕಡೆಯೂ ಕಾಯಿಲ್‌ವರೆಗೆ ಮಾತ್ರ. ಕಾಂಟ್ಯಾಕ್ಟರ್‌ನ ಮುಖ್ಯ ಪಾಯಿಂಟ್‌ಗಳು ಬೆಸುಗೆಯಾಗಿ ಅಂಟಿಕೊಂಡದ್ದು ಅದಕ್ಕೆ ತಿಳಿಯದು. ಅದಕ್ಕಾಗಿ ಎರಡು ಕಾಂಟ್ಯಾಕ್ಟರ್‌ಗಳನ್ನು ಸರಣಿಯಲ್ಲಿಟ್ಟು, ಪ್ರತಿಯೊಂದರ ಎನ್‌ಸಿ ಸಹಾಯಕ ಕಾಂಟ್ಯಾಕ್ಟನ್ನು ಫೀಡ್‌ಬ್ಯಾಕ್ ಆಗಿ ಕಂಟ್ರೋಲರ್‌ಗೆ ತರುತ್ತಾರೆ. ಈ ಸಹಾಯಕ ಕಾಂಟ್ಯಾಕ್ಟ್ ಐಇಸಿ 60947-4-1 ಹೇಳುವ ಮಿರರ್ ಕಾಂಟ್ಯಾಕ್ಟ್ ಆಗಿರಲೇಬೇಕು. ಮುಖ್ಯ ಪಾಯಿಂಟ್ ಅಂಟಿದ್ದಾಗ ಅದು ಮುಚ್ಚಿಕೊಳ್ಳಲಾರದು. ಅಂಗಡಿಯಲ್ಲಿ ಸಿಕ್ಕ ಸಾಮಾನ್ಯ ಆಡ್‌ಆನ್ ಬ್ಲಾಕ್ ಹಾಕಿದರೆ ಫೀಡ್‌ಬ್ಯಾಕ್ ಇದ್ದೂ ಇಲ್ಲದಂತೆ.

ದೋಷ ಕಂಡ ಮೇಲೆ

ದೋಷ ಪತ್ತೆಯಾದೊಡನೆ ಕಂಟ್ರೋಲರ್ ಆ ಚಾನೆಲ್ಲಿನ ನಿಜವಾದ ಸಿಗ್ನಲನ್ನು ನಂಬುವುದು ಬಿಟ್ಟು ಅದರ ಜಾಗದಲ್ಲಿ ಸೊನ್ನೆಯನ್ನು ಇಡುತ್ತದೆ. ಸೀಮೆನ್ಸ್ ವ್ಯವಸ್ಥೆಯಲ್ಲಿ ಇದರ ಹೆಸರು ಪ್ಯಾಸಿವೇಶನ್. ದೋಷವಿರುವ ಚಾನೆಲ್ ಒಂದನ್ನೇ ಹೀಗೆ ಮಾಡಬೇಕೇ, ಇಡೀ ಮಾಡ್ಯೂಲನ್ನೇ ಎಂಬುದನ್ನು ಕಾನ್ಫಿಗರೇಶನ್‌ನಲ್ಲಿ ಆರಿಸಬಹುದು. ಚಾನೆಲ್ ಮಟ್ಟದ ಆಯ್ಕೆಯಿಂದ ಒಂದು ಬಾಗಿಲಿನ ತಂತಿ ಹೋದರೆ ಇಡೀ ಲೈನ್ ನಿಲ್ಲುವುದು ತಪ್ಪುತ್ತದೆ, ದೋಷದ ಜಾಗ ಹುಡುಕುವುದೂ ಸುಲಭ. ಕಂಟ್ರೋಲರ್‌ನ ಒಳಗಿನ ಪ್ರೊಸೆಸರ್ ಅಥವಾ ಮೆಮೊರಿಯ ದೋಷವಾದರೆ ಇಂಥ ಆಯ್ಕೆಯಿಲ್ಲ, ಎಲ್ಲ ಔಟ್‌ಪುಟ್‌ಗಳೂ ಆಫ್.

ಔಟ್‌ಪುಟ್ ಆಫ್ ಆದರೆ ಯಂತ್ರ ಸುರಕ್ಷಿತ ಎಂಬ ಊಹೆಯನ್ನು ಯಂತ್ರ ಕಟ್ಟುವ ಹಂತದಲ್ಲೇ ಪ್ರಶ್ನಿಸಿಕೊಳ್ಳಬೇಕು. ಮೇಲಿಂದ ಇಳಿಯುವ ಭಾರದ ಅಕ್ಷ ವಿದ್ಯುತ್ ಹೋದಾಗ ಬ್ರೇಕ್ ಇಲ್ಲದಿದ್ದರೆ ಕುಸಿಯುತ್ತದೆ. ತಿರುಗುತ್ತಿರುವ ಭಾರೀ ಸ್ಪಿಂಡಲ್ ನಿಧಾನವಾಗಿ ತಾನಾಗಿ ನಿಲ್ಲುವವರೆಗೆ ಅಪಾಯ ಇದ್ದೇ ಇರುತ್ತದೆ. ಐಇಸಿ 60204-1 ನಿಲುಗಡೆಯನ್ನು ಮೂರು ಬಗೆಯಾಗಿ ವಿಂಗಡಿಸಿರುವುದು ಇದಕ್ಕೇ. ವರ್ಗ 0ರಲ್ಲಿ ವಿದ್ಯುತ್ ತಕ್ಷಣ ಕಡಿಯುತ್ತದೆ. ವರ್ಗ 1ರಲ್ಲಿ ಮೊದಲು ನಿಯಂತ್ರಿತವಾಗಿ ನಿಲ್ಲಿಸಿ ನಂತರ ಕಡಿಯುತ್ತದೆ. ವರ್ಗ 2ರಲ್ಲಿ ನಿಲ್ಲಿಸಿದ ಮೇಲೂ ವಿದ್ಯುತ್ ಇರುತ್ತದೆ. ವಿನ್ಯಾಸ ವರ್ಗ 1ಕ್ಕಾಗಿಯೇ ಇದ್ದರೂ ಕಂಟ್ರೋಲರ್ ಒಳಗಿನ ದೋಷದಲ್ಲಿ ಆಗುವುದು ವರ್ಗ 0. ಆ ಪರಿಸ್ಥಿತಿಯನ್ನು ಬ್ರೇಕ್, ಕ್ಲ್ಯಾಂಪ್, ನ್ಯುಮ್ಯಾಟಿಕ್ ವಾಲ್ವ್‌ಗಳು ತಡೆದುಕೊಳ್ಳುವಂತಿರಬೇಕು.

ಡಿಸ್ಕ್ರೆಪೆನ್ಸಿ ಅವಧಿಯ ಆಯ್ಕೆಯಲ್ಲೂ ಒಂದು ಸೂಕ್ಷ್ಮವಿದೆ. ಗುಂಡಿಗೆ ಹತ್ತಾರು ಮಿಲಿಸೆಕೆಂಡ್ ಸಾಕು, ನಿಧಾನವಾಗಿ ಜಾರುವ ಬಾಗಿಲಿಗೆ ಹೆಚ್ಚು ಬೇಕಾದೀತು. ಆದರೆ ಆ ಅವಧಿಯಲ್ಲಿ ಪ್ರೋಗ್ರಾಂಗೆ ಏನು ಕೊಡಬೇಕು ಎಂಬ ಇನ್ನೊಂದು ಆಯ್ಕೆಯೂ ಕೆಲವು ಮಾಡ್ಯೂಲ್‌ಗಳಲ್ಲಿದೆ. ಸೊನ್ನೆ ಕೊಡು ಎಂದಿಟ್ಟರೆ ಒಂದು ಚಾನೆಲ್ ಇಳಿದೊಡನೆ ಯಂತ್ರ ನಿಲ್ಲುತ್ತದೆ. ಹಿಂದಿನ ಮೌಲ್ಯವನ್ನೇ ಕೊಡು ಎಂದಿಟ್ಟರೆ, ಒಂದು ಚಾನೆಲ್ ಅಂಟಿಕೊಂಡಿರುವಾಗ ಯಂತ್ರ ಆ ಅವಧಿ ಮುಗಿಯುವವರೆಗೂ ಓಡುತ್ತದೆ. ಅರ್ಧ ಸೆಕೆಂಡ್ ಎಂದು ಬರೆದಿದ್ದರೆ ಪೂರ್ತಿ ಅರ್ಧ ಸೆಕೆಂಡ್. ಸುರಕ್ಷತಾ ಬಾಗಿಲಿಗೆ ಸೊನ್ನೆಯೇ ಸರಿಯಾದ ಆಯ್ಕೆ.

ದೋಷ ಸರಿಪಡಿಸಿದ ಮೇಲೆ ಯಂತ್ರ ತಾನಾಗಿ ಮತ್ತೆ ಶುರುವಾಗಬಾರದು. ದೋಷ ಹೋಗಿದೆ ಎಂದು ಒಪ್ಪಿಕೊಳ್ಳುವ ಅಕ್ನಾಲೆಜ್ ಒಂದು ಹೆಜ್ಜೆ, ಸುರಕ್ಷತಾ ಕಾರ್ಯವನ್ನು ಮರುಸ್ಥಾಪಿಸುವ ರೀಸೆಟ್ ಇನ್ನೊಂದು, ಯಂತ್ರದ ಸ್ಟಾರ್ಟ್ ಮೂರನೆಯದು. ಮೂರನ್ನೂ ಒಂದೇ ಗುಂಡಿಗೆ ಕಟ್ಟಿದ ಪ್ಯಾನೆಲ್‌ಗಳು ಕಾಣಸಿಗುತ್ತವೆ, ಅದು ತಪ್ಪು. ರೀಸೆಟ್ ಗುಂಡಿ ಅಪಾಯದ ವಲಯದ ಹೊರಗಿರಬೇಕು, ಅಲ್ಲಿ ನಿಂತವರಿಗೆ ಒಳಗೆ ಯಾರೂ ಇಲ್ಲ ಎಂಬುದು ಕಾಣುವಂತಿರಬೇಕು. ಗುಂಡಿ ಸಿಕ್ಕಿಕೊಂಡು ಒತ್ತಿದಂತೆಯೇ ಉಳಿದರೂ ರೀಸೆಟ್ ಆಗದಂತೆ, ಸಿಗ್ನಲ್ ಬದಲಾವಣೆಯನ್ನಷ್ಟೇ ಪ್ರೋಗ್ರಾಂ ಗಮನಿಸಬೇಕು.

ಮರೆಯಾಗುವ ದೋಷ

ಸರಣಿಯಲ್ಲಿ ಜೋಡಿಸಿದ ಬಾಗಿಲುಗಳ ವಿಷಯ ತುಸು ನಿಂತು ನೋಡುವಂಥದ್ದು. ಖರ್ಚು ಉಳಿಸಲು ಮೂರು ಬಾಗಿಲುಗಳ ಸ್ವಿಚ್‌ಗಳನ್ನು ಸರಣಿಯಲ್ಲಿ ಕಟ್ಟಿ ಒಂದೇ ಜೋಡಿ ಇನ್‌ಪುಟ್ಟಿಗೆ ತಂದಿದ್ದಾರೆ. ಮೊದಲ ಬಾಗಿಲಿನ ಒಂದು ಕಾಂಟ್ಯಾಕ್ಟ್ ಅಂಟಿದೆ. ಆಪರೇಟರ್ ಆ ಬಾಗಿಲು ತೆಗೆದಾಗ ಒಂದು ಚಾನೆಲ್ ಇಳಿಯುತ್ತದೆ, ಇನ್ನೊಂದು ಇಳಿಯುವುದಿಲ್ಲ; ಯಂತ್ರ ನಿಲ್ಲುತ್ತದೆ, ದೋಷ ದಾಖಲಾಗುತ್ತದೆ. ಬಾಗಿಲು ಮುಚ್ಚಿ ರೀಸೆಟ್ ಒತ್ತಿದರೆ ಕಂಟ್ರೋಲರ್ ಒಪ್ಪುವುದಿಲ್ಲ, ಎರಡೂ ಚಾನೆಲ್ ಒಮ್ಮೆ ಸೊನ್ನೆಯಾಗಿ ಬರಲಿ ಎಂದು ಕಾಯುತ್ತದೆ. ಆಪರೇಟರ್ ಎರಡನೆಯ ಬಾಗಿಲು ತೆಗೆದು ಮುಚ್ಚುತ್ತಾನೆ. ಅದರ ಎರಡೂ ಕಾಂಟ್ಯಾಕ್ಟ್‌ಗಳು ಚೆನ್ನಾಗಿವೆ, ಎರಡೂ ಇನ್‌ಪುಟ್ ಸೊನ್ನೆಯಾಗಿ ಮೇಲೇರುತ್ತವೆ. ಕಂಟ್ರೋಲರ್‌ಗೆ ಸಮಾಧಾನವಾಗುತ್ತದೆ, ದೋಷ ಅಳಿಸಿಹೋಗುತ್ತದೆ, ಯಂತ್ರ ಓಡುತ್ತದೆ. ಮೊದಲ ಬಾಗಿಲಿಗೆ ಈಗ ಉಳಿದಿರುವುದು ಒಂದೇ ಚಾನೆಲ್. ಅದೂ ಅಂಟಿದ ದಿನ ಬಾಗಿಲು ತೆರೆದರೂ ಯಂತ್ರ ನಿಲ್ಲದು.

ಇದನ್ನು ಫಾಲ್ಟ್ ಮಾಸ್ಕಿಂಗ್ ಎನ್ನುತ್ತಾರೆ. 2015ರಲ್ಲಿ ಬಂದ ಐಎಸ್‌ಒ/ಟಿಆರ್ 24119 ಎಂಬ ತಾಂತ್ರಿಕ ವರದಿ ಪೂರ್ತಿಯಾಗಿ ಇದೇ ವಿಷಯದ್ದು. ಎಷ್ಟು ಬಾಗಿಲು, ಎಷ್ಟು ಸಲ ತೆರೆಯುತ್ತದೆ ಎಂಬುದರ ಮೇಲೆ ದೋಷ ಪತ್ತೆಯ ಪ್ರಮಾಣವನ್ನು ಎಷ್ಟಕ್ಕೆ ಇಳಿಸಿ ಲೆಕ್ಕ ಹಾಕಬೇಕು ಎಂದು ಅದು ಹೇಳುತ್ತದೆ. ಪದೇ ಪದೇ ತೆರೆಯುವ ಬಾಗಿಲಿಗೆ ಪ್ರತ್ಯೇಕ ಇನ್‌ಪುಟ್ ಕೊಡುವುದು, ಇಲ್ಲವೇ ಸ್ವಂತ ಪರೀಕ್ಷೆಯುಳ್ಳ ಒಎಸ್‌ಎಸ್‌ಡಿ ಸ್ವಿಚ್‌ಗಳನ್ನು ಬಳಸುವುದು ಸರಿಯಾದ ದಾರಿ.

ಪವರ್ ಆಫ್ ಮಾಡಿ ಆನ್ ಮಾಡುವ ಚಾಳಿಯೂ ಇದೇ ಹಾನಿ ಮಾಡುತ್ತದೆ. ತಂತಿಯ ಶಾರ್ಟ್ ಆದರೆ ಆನ್ ಆದ ಕೂಡಲೇ ಪಲ್ಸ್ ಮತ್ತೆ ಹಿಡಿಯುತ್ತದೆ. ಆದರೆ ಅಂಟಿದ ಕಾಂಟ್ಯಾಕ್ಟಿನ ನೆನಪು ಹಲವು ಕಂಟ್ರೋಲರ್‌ಗಳಲ್ಲಿ ಪವರ್ ಜೊತೆಗೇ ಹೋಗುತ್ತದೆ. ಬಾಗಿಲು ಮುಚ್ಚಿರುವುದರಿಂದ ಎರಡೂ ಚಾನೆಲ್ ಸರಿಯಾಗಿಯೇ ಕಾಣುತ್ತವೆ. ಇದಕ್ಕೆ ಪ್ರತಿಯಾಗಿ, ಪವರ್ ಬಂದ ಮೇಲೆ ಬಾಗಿಲನ್ನು ಒಮ್ಮೆ ತೆರೆದು ಮುಚ್ಚಿದರಷ್ಟೇ ಮುಂದುವರಿಯುವ ಸ್ಟಾರ್ಟ್‌ಅಪ್ ಟೆಸ್ಟ್ ಆಯ್ಕೆ ಅನೇಕ ಕಂಟ್ರೋಲರ್‌ಗಳಲ್ಲಿದೆ. ಅದನ್ನು ಆಫ್ ಮಾಡಿಡಬಾರದು.

ದೋಷ ಹುಡುಕುವಾಗ

ಡಯಾಗ್ನಾಸ್ಟಿಕ್ ಬಫರಿನಲ್ಲಿರುವ ಸಂದೇಶವನ್ನು ರೀಸೆಟ್‌ಗೆ ಮೊದಲು ಓದಿ ಬರೆದಿಟ್ಟುಕೊಳ್ಳಬೇಕು. ಕ್ರಾಸ್ ಫಾಲ್ಟ್, ಡಿಸ್ಕ್ರೆಪೆನ್ಸಿ, ರೀಡ್‌ಬ್ಯಾಕ್ (ಮರಳಿ ಓದುವ) ದೋಷ ಎಂಬ ಮೂರು ಸಂದೇಶಗಳು ಮೂರು ಬೇರೆ ಜಾಗಗಳನ್ನು ತೋರಿಸುತ್ತವೆ: ಕೇಬಲ್, ಸ್ವಿಚ್, ಔಟ್‌ಪುಟ್ ಲೋಡ್.

ಮಲ್ಟಿಮೀಟರ್‌ಗೆ ಪಲ್ಸ್ ಕಾಣುವುದಿಲ್ಲ. 500 ಮಿಲಿಸೆಕೆಂಡಿಗೊಮ್ಮೆ 1 ಮಿಲಿಸೆಕೆಂಡ್ ಇಳಿದರೆ ಸರಾಸರಿ ವೋಲ್ಟೇಜ್‌ನಲ್ಲಿ ಆಗುವ ವ್ಯತ್ಯಾಸ 0.05 ವೋಲ್ಟ್‌ನಷ್ಟು. ಆಸಿಲೋಸ್ಕೋಪ್ ಬೇಕು. ಟ್ರಿಗರನ್ನು ಇಳಿಯುವ ಅಂಚಿಗೆ, ಸುಮಾರು 15 ವೋಲ್ಟ್‌ಗೆ ಹೊಂದಿಸಿ, ಒಂದು ಪ್ರೋಬ್ ಟೆಸ್ಟ್ ಔಟ್‌ಪುಟ್ಟಿನಲ್ಲಿ, ಇನ್ನೊಂದು ಇನ್‌ಪುಟ್ಟಿನಲ್ಲಿ ಇಟ್ಟರೆ ಪಲ್ಸ್ ಹೊರಟದ್ದೂ ಮರಳಿದ್ದೂ ಅಕ್ಕಪಕ್ಕದಲ್ಲಿ ಕಾಣುತ್ತವೆ. ಮರಳಿದ ಪಲ್ಸ್‌ನ ಇಳಿಜಾರು ನುಣುಪಾಗಿ ಬಾಗಿದ್ದರೆ ಕೆಪಾಸಿಟೆನ್ಸ್. ಅರ್ಧಕ್ಕೇ ನಿಂತಿದ್ದರೆ ನೀರು ಅಥವಾ ಎಣ್ಣೆ ಸೇರಿದ ಜಂಕ್ಷನ್ ಬಾಕ್ಸಿನ ಸೋರಿಕೆಯಿರಬಹುದು. ಎರಡು ಪಲ್ಸ್ ಕಂಡರೆ ಇನ್ನೊಂದು ಚಾನೆಲ್ಲಿನ ಸಂಪರ್ಕ. ಯಂತ್ರ ಚಲಿಸುವಾಗ ಮಾತ್ರ ದೋಷ ಬರುತ್ತಿದ್ದರೆ ಬಾಗುವ ಕೇಬಲ್ಲಿನ ಮೇಲೆ ಮೊದಲ ಅನುಮಾನ. ಪಲ್ಸ್ ಪರೀಕ್ಷೆಯನ್ನೇ ಆಫ್ ಮಾಡಿ ದೋಷ ಸಂದೇಶ ನಿಲ್ಲಿಸುವುದು ದುರಸ್ತಿಯಲ್ಲ. ಹಾಗೆ ಮಾಡಿದ ಯಂತ್ರ ತನ್ನ ಪ್ರಮಾಣಪತ್ರದಲ್ಲಿರುವ ಸುರಕ್ಷತಾ ಮಟ್ಟವನ್ನು ಆ ಕ್ಷಣವೇ ಕಳೆದುಕೊಳ್ಳುತ್ತದೆ.

ವಿರಳವಾಗಿ ಬಳಕೆಯಾಗುವ ಇಂಟರ್‌ಲಾಕ್‌ಗಳನ್ನು ಕೈಯಾರೆ ಪರೀಕ್ಷಿಸಲು ಐಎಸ್‌ಒ 14119 ಗಡುವು ಕೊಟ್ಟಿದೆ. ಪಿಎಲ್ (ಪರ್ಫಾರ್ಮೆನ್ಸ್ ಲೆವೆಲ್) ಇ ಮಟ್ಟದ ಕಾರ್ಯಕ್ಕೆ ತಿಂಗಳಿಗೆ ಒಮ್ಮೆಯಾದರೂ, ಪಿಎಲ್ ಡಿ ಮಟ್ಟಕ್ಕೆ 12 ತಿಂಗಳಿಗೆ ಒಮ್ಮೆಯಾದರೂ ನೋಡಬೇಕು. ಎಮರ್ಜೆನ್ಸಿ ಸ್ಟಾಪ್ ಗುಂಡಿಗಳಿಗೂ ಇದೇ ಕ್ರಮವನ್ನು ಅನುಸರಿಸಬಹುದು: ಒಂದೊಂದು ಗುಂಡಿಯನ್ನೂ ಒತ್ತಿ, ಒಂದೊಂದು ಬಾಗಿಲನ್ನೂ ತೆರೆದು, ಎರಡೂ ಇನ್‌ಪುಟ್‌ಗಳ ದೀಪ ಆರುವುದನ್ನು ಕಣ್ಣಾರೆ ನೋಡಿ, ದಿನಾಂಕದೊಡನೆ ಮೇಂಟೆನೆನ್ಸ್ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಮುಂದಿನ ಶಟ್‌ಡೌನ್ ಪಟ್ಟಿಯಲ್ಲಿ ಈ ಕೆಲಸ ಇಲ್ಲದಿದ್ದರೆ ಈಗಲೇ ಸೇರಿಸಿ.